ಆಕಾಶದ ದಾರಿ, ಇಂಧನದ ಬುತ್ತಿ



ಘಾಟಿಯ ದಾರಿಯಲ್ಲಿ ನಡೆದವರಿಗೆ ದೂರವೇ ಬೇರೆ, ಹಿಡಿಯುವ ಹೊತ್ತೇ ಬೇರೆ ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ಕಣ್ಣೆದುರಿಗೇ ಕಾಣುವ ಆಚೆ ಗುಡ್ಡದ ಊರನ್ನು ಮುಟ್ಟಲು ಅರ್ಧ ದಿನ ಬೇಕಾಗುತ್ತದೆ. ಆಕಾಶಮಾರ್ಗಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ.

2021ರ ಜನವರಿ 9ರ ಶನಿವಾರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ನಡುವೆ ಎಲ್ಲಿಯೂ ಇಳಿಯದೆ, ಉತ್ತರ ಧ್ರುವದ ಮೇಲಿನಿಂದ ಹಾರಿ, 11ರ ಸೋಮವಾರ ಮುಂಜಾನೆ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಚಾಲಕ ತಂಡದಲ್ಲಿದ್ದವರೆಲ್ಲರೂ ಮಹಿಳೆಯರು. ಹಾರಾಟಕ್ಕೆ ಹಿಡಿದದ್ದು ಸುಮಾರು 17 ಗಂಟೆ. ಉಳಿದ ವ್ಯತ್ಯಾಸ ಗಡಿಯಾರದ್ದು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ಭಾರತದ್ದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ.

ಶಾಲೆಯ ಗೋಡೆಯ ನಕ್ಷೆಯಲ್ಲಿ ಈ ಎರಡು ಊರುಗಳ ನಡುವೆ ಪೂರ್ವದಿಕ್ಕಿನಿಂದ ನೇರಗೆರೆ ಎಳೆದರೆ ಅದು ಪೆಸಿಫಿಕ್ ಸಾಗರವನ್ನು ಅಡ್ಡಹಾಯುತ್ತದೆ; ಆ ದಾರಿ 16,000 ಕಿ.ಮೀ.ಗೂ ಅಧಿಕ. ಅದೇ ಭೂಗೋಳದ ಮೇಲೆ ದಾರವೊಂದನ್ನು ಬಿಗಿಯಾಗಿ ಹಿಡಿದರೆ ಅದು ಟಿಬೆಟ್, ಸೈಬೀರಿಯಾಗಳ ಮೇಲೆ ಏರಿ ಅಲಾಸ್ಕದ ಕಡೆಯಿಂದ ಇಳಿಯುತ್ತದೆ. ದೂರ ಸುಮಾರು 14,000 ಕಿ.ಮೀ. ಮಾತ್ರ. ಧ್ರುವದ ದಾರಿ ಇದಕ್ಕಿಂತ ಕೆಲವು ನೂರು ಕಿ.ಮೀ.ಗಳಷ್ಟೇ ಹೆಚ್ಚು. ಗಂಟೆಗೆ 900 ಕಿ.ಮೀ. ವೇಗದಲ್ಲಿ 14,000 ಕಿ.ಮೀ.ಗೆ ಹದಿನೈದೂವರೆ ಗಂಟೆ ಸಾಲಬೇಕು. ಆದರೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯ ಪ್ರವಾಹಗಳಿವೆ. ಅವುಗಳ ಬೆನ್ನೇರಿದ ವಿಮಾನ ಬೇಗ ಸೇರುತ್ತದೆ, ಎದುರಿಸಿದ್ದು ತಡವಾಗಿ ಸೇರುತ್ತದೆ. ಆದುದರಿಂದಲೇ ಚಾಲಕರು ಪ್ರತಿಸಲವೂ ಗಾಳಿಯನ್ನು ನೋಡಿ ದಾರಿಯನ್ನು ಆರಿಸುತ್ತಾರೆ.

ಇಷ್ಟು ದೂರವನ್ನು ಒಂದೇ ಉಸಿರಿನಲ್ಲಿ ಕ್ರಮಿಸಲು ತೆರಬೇಕಾದ ಬೆಲೆ ಯಾವುದು? ಆ ದಿನ ಹಾರಿದ ಬೋಯಿಂಗ್ 777-200 ಎಲ್‌ಆರ್ ಮಾದರಿಯ ತೊಟ್ಟಿಗಳಲ್ಲಿ 1,80,000 ಲೀಟರ್‌ಗೂ ಹೆಚ್ಚು ಇಂಧನ ಹಿಡಿಸುತ್ತದೆ. ಅದರ ತೂಕ ಸುಮಾರು 145 ಟನ್. ಬರಿಯ ವಿಮಾನದ ತೂಕವೂ ಹೆಚ್ಚುಕಡಿಮೆ ಅಷ್ಟೇ. ಬುತ್ತಿಯ ಗಂಟು ದೊಡ್ಡದಾದಷ್ಟೂ ಅದನ್ನು ಹೊರುವುದಕ್ಕೇ ಮತ್ತಷ್ಟು ಬುತ್ತಿ ಬೇಕಾಗುವಂತೆ, ಇಂಧನವನ್ನು ಹೊರಲೆಂದೇ ಇಂಧನ ಉರಿಯುತ್ತದೆ. ಒಂದು ಲೀಟರ್ ಉರಿದರೆ ಸುಮಾರು ಎರಡೂವರೆ ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ತೊಟ್ಟಿಯ ಅರ್ಧವಷ್ಟೇ ಉರಿಯಿತೆಂದುಕೊಂಡರೂ ಅದು 225 ಟನ್. ಅದರ ಒಂದು ಪಾಲು ಶತಮಾನಗಳ ಕಾಲ ವಾತಾವರಣದಲ್ಲಿ ಉಳಿಯುತ್ತದೆ.

ಕಡಲಾಚೆ ದುಡಿಯುವ ಮಗಳು ತಾಯಿಯ ಮುಖ ನೋಡಲು ಹಾರಿ ಬರುವುದು ಅಪರಾಧವಲ್ಲ. ಆದರೆ ಪ್ರಯಾಣದ ಚೀಟಿಯ ಮೇಲೆ ಅಚ್ಚಾಗುವುದು ಗಂಟೆ ಮತ್ತು ರೂಪಾಯಿ ಮಾತ್ರ. ಲೀಟರಿನ ಲೆಕ್ಕ ಅಲ್ಲಿಲ್ಲ. ಆ ಬಾಕಿಯಲ್ಲಿ ಒಂದು ಭಾಗ, ಎಂದೂ ವಿಮಾನ ಹತ್ತದವರ ತೋಟಕ್ಕೂ ತೊರೆಗೂ ಬೀಳುತ್ತದೆ. ರೈಲಿನಲ್ಲಿ ಒಂದು ರಾತ್ರಿಗೆ ಮುಗಿಯುವ ದಾರಿಗೂ ವಿಮಾನವನ್ನೇ ಹುಡುಕುವ ಮೊದಲು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ವಿವೇಕ. ವಿದ್ಯಾರ್ಥಿಗಳು ಇಂದೇ ಭೂಗೋಳವನ್ನೂ ದಾರವನ್ನೂ ಕೈಗೆತ್ತಿಕೊಳ್ಳಲಿ. ದೂರವನ್ನು ಅಳೆದ ಮೇಲೆ ಅದರ ಭಾರವನ್ನೂ ಅಳೆಯಲಿ.