‘ಅಪ್ಪಾ’ ಎಂಬ ಕರೆ
(ಶತಮಾನೋತ್ಸವ ಸಮಾರಂಭದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವ ಭಾಗ್ಯ ನಮಗೆ ದೊರೆತಿದೆ. ಇಂತಹ ದಿನ ಹಿರಿಯರನ್ನು ನೆನೆಯುವುದು ವಾಡಿಕೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಿಂದ ಬಂದು ಸೇರಿರುವ ನಿಮ್ಮ ಮನೆಮನೆಗಳಲ್ಲೂ ನೆನೆಯತಕ್ಕ ತಂದೆಯರಿದ್ದಾರೆ, ಗುರುಗಳಿದ್ದಾರೆ, ದೇಶದ ಗಡಿಯಲ್ಲಿ ಕಾವಲು ನಿಂತ ಸೈನಿಕರಿದ್ದಾರೆ. ಅವರೆಲ್ಲರ ಹೆಸರುಗಳನ್ನು ಈ ದಿನದ ಬಲಿಪೂಜೆಯಲ್ಲಿ ದೇವರ ಮುಂದಿಟ್ಟಿದ್ದೇವೆ. ಈಗ ನಾವು ಹೇಳಹೊರಟಿರುವುದು ನಮ್ಮವರಲ್ಲದ ಒಬ್ಬರ ಕಥೆ. ಅವರು ತಂದೆ, ಗುರು, ಸೇನಾಧಿಕಾರಿ, ಈ ಮೂರೂ ಆಗಿದ್ದವರು. ಮೂರು ಧರ್ಮಗಳ ನಡುವೆ ಸಿಕ್ಕಿ ನೊಂದವರು. ಅವರು ಕಥೋಲಿಕರಲ್ಲ, ಭಾರತೀಯರೂ ಅಲ್ಲ. ಆದರೂ ನಮ್ಮ ನೆರೆಸೀಮೆಯ ಒಬ್ಬ ಬಾಲಕ ಅವರನ್ನು ‘ಅಪ್ಪಾ’ ಎಂದು ಕರೆದ. ಆ ಕರೆಯ ಬೆಲೆಯೇನೆಂಬುದೇ ನಮ್ಮ ಇಂದಿನ ವಿಚಾರ.

ಇಳಕಲ್ಲಿನಿಂದ ಪೂರ್ವಕ್ಕೆ ಹೊರಟರೆ ಮುದಗಲ್ಲು. ಆದಿಲಶಾಹಿ ಕಾಲದಿಂದಲೂ ಕಥೋಲಿಕ ಭಕ್ತರು ಬಾಳಿಬಂದ ಊರೆಂದು ನಾವು ಗೌರವಿಸುವ ಸ್ಥಳ ಅದು. ಅದರಾಚೆ ಲಿಂಗಸುಗೂರು, ಅಲ್ಲಿಂದ ಕೃಷ್ಣೆಯನ್ನು ದಾಟಿದರೆ ಬೇಡ ನಾಯಕರ ರಾಜಧಾನಿಯಾಗಿದ್ದ ಸುರಪುರ. ಗುಡ್ಡದ ಮೇಲೆ ಇಂದಿಗೂ ಒಂದು ಬಂಗಲೆ ನಿಂತಿದೆ. ಜನ ಅದನ್ನು ‘ಟೇಲರ್ ಮಂಜಿಲ್’ ಎನ್ನುತ್ತಾರೆ. ಅದನ್ನು ಕಟ್ಟಿಸಿದವರೇ ಫಿಲಿಪ್ ಮೆಡೋಸ್ ಟೇಲರ್.

ಇವರು 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದರು. 1824ರಲ್ಲಿ, ಹದಿನೈದರ ಬಾಲಕನಾಗಿ, ವ್ಯಾಪಾರಿಯೊಬ್ಬರ ಮಾತನ್ನು ನಂಬಿ ಹಡಗು ಹತ್ತಿ ಮುಂಬಯಿಗೆ ಬಂದರು. ಬಂದು ನೋಡಿದರೆ ಹೇಳಿದ ಸಂಪತ್ತು ಅಲ್ಲಿರಲಿಲ್ಲ. ಆ ವರ್ಷವೇ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಅವರಿಗೊಂದು ಹುದ್ದೆ ದೊರೆಯಿತು. ಮನೆ ಬಿಟ್ಟು ಬಂದ ಆ ಹುಡುಗ ಎದೆಗುಂದಲಿಲ್ಲ. ಹಗಲು ಕವಾಯತು, ರಾತ್ರಿ ಓದು. ಪಾರಸಿ, ಹಿಂದೂಸ್ತಾನಿ, ಮರಾಠಿಗಳನ್ನು ಕಲಿತರು. ಭೂಮಾಪನ, ಕಾನೂನು, ಭೂವಿಜ್ಞಾನಗಳನ್ನು ತಾವೇ ಓದಿಕೊಂಡರು. 1839ರಲ್ಲಿ ಪ್ರಕಟವಾದ, ಠಕ್ಕರನ್ನು ಕುರಿತ ಕಾದಂಬರಿ ಅವರನ್ನು ಯುರೋಪಿನಲ್ಲೆಲ್ಲ ಹೆಸರುವಾಸಿ ಮಾಡಿತು. ಮರಣಾನಂತರ 1878ರಲ್ಲಿ ಹೊರಬಂದ, ಚಾಂದಬೀಬಿಯನ್ನು ಕುರಿತ ಕಾದಂಬರಿಯಲ್ಲಿ ನಮ್ಮ ಮುದಗಲ್ಲಿನ ಕಥೋಲಿಕ ಸಭೆಯ ಚಿತ್ರವೂ ಬರುತ್ತದೆ. 1866ರಲ್ಲಿ ಧಾರವಾಡ ಹಾಗೂ ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತು ಲಂಡನ್ನಿನಲ್ಲಿ ಛಾಯಾಚಿತ್ರಗಳ ದೊಡ್ಡ ಗ್ರಂಥವೊಂದು ಅಚ್ಚಾದಾಗ, ಅದಕ್ಕೆ ಚರಿತ್ರೆಯ ಭಾಗವನ್ನು ಬರೆದವರೂ ಇವರೇ. ಅದರ ಛಾಯಾಗ್ರಾಹಕರಲ್ಲಿ ಒಬ್ಬರಾದ ಬಿಗ್ಸ್ ಎಂಬ ಸೇನಾಧಿಕಾರಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳನ್ನು ಮೊದಮೊದಲಿಗೆ ಚಿತ್ರ ತೆಗೆದವರು.

ಇಷ್ಟಾದರೂ ನಮ್ಮನ್ನು ಸೆಳೆಯುವುದು ಅವರ ಪಾಂಡಿತ್ಯವಲ್ಲ. 1841ರಲ್ಲಿ ಸುರಪುರದ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡರು. ವಾರಸುದಾರನಾದ ವೆಂಕಟಪ್ಪ ನಾಯಕ ಇನ್ನೂ ಎಳೆಯ ಬಾಲಕ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ದಾಯಾದಿಗಳು ಇನ್ನೊಂದು ಕಡೆ. ಸಂಸ್ಥಾನ ಒಡೆದ ಮನೆಯಾಗಿತ್ತು. ಅದನ್ನು ಸರಿಪಡಿಸಲು ಟೇಲರರನ್ನು ಕಳುಹಿಸಿದರು. ಹನ್ನೆರಡು ವರ್ಷ ಅವರು ಅಲ್ಲಿದ್ದರು. ದಾರಿಗಳನ್ನು ಮಾಡಿಸಿದರು, ಕೆರೆಗಳನ್ನು ದುರಸ್ತಿ ಮಾಡಿಸಿದರು. ಬೋನಾಳದ ಕೆರೆಯ ಮಾತು ಬಂದಾಗ ಇಂದಿಗೂ ಅವರ ಹೆಸರು ಕೇಳಿಬರುತ್ತದೆ. ಅವರ ಮುಖ್ಯವಾದ ಹೊಣೆ ಮಾತ್ರ ಬೇರೆಯೇ ಇತ್ತು. ತಂದೆಯಿಲ್ಲದ ಆ ಬಾಲಕನಿಗೆ ಅಕ್ಷರ ಕಲಿಸಬೇಕು, ನಡೆನುಡಿ ತಿದ್ದಬೇಕು, ಮುಂದೆ ನ್ಯಾಯವಾಗಿ ರಾಜ್ಯವಾಳುವಂತೆ ಬೆಳೆಸಬೇಕು. ಅರಮನೆಯಲ್ಲಿ ಮುದ್ದು ಮಾಡುವವರು ಅನೇಕರಿದ್ದರು. ಬೇಡವೆನ್ನುವವರು ಒಬ್ಬರೂ ಇರಲಿಲ್ಲ. ಬೇಡವೆನ್ನುವ ಕೆಲಸ ಟೇಲರರ ಪಾಲಿಗೆ ಬಂದಿತು. ಹಾಗೆ ಗದರಿಸಿದವರನ್ನೇ ಬಾಲಕ ‘ಅಪ್ಪಾ’ ಎಂದು ಕರೆದ.

ಅದೇ ಕಾಲದಲ್ಲಿ ಅವರ ಸ್ವಂತ ಮನೆಯ ಸ್ಥಿತಿ ಹೇಗಿತ್ತು? ಹೈದರಾಬಾದಿನ ಪಾಮರ್ ಮನೆತನದ ಮೇರಿ ಎಂಬವರನ್ನು ಅವರು ವರಿಸಿದ್ದರು. ಆಕೆಯ ಅಜ್ಜಿ ಮೊಗಲ್ ಮನೆತನದ ಬೇಗಮ್. ಹೀಗಾಗಿ ಆ ಸಂಸಾರದಲ್ಲಿ ಎರಡು ಲೋಕಗಳು ಕೂಡಿದ್ದವು. ಸುರಪುರದ ವರ್ಷಗಳಲ್ಲಿಯೇ ಮೇರಿ ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳು ಕಡಲಾಚೆ ಬೆಳೆದರು. ತನ್ನ ಮಕ್ಕಳು ತನ್ನ ಕಣ್ಣಿಗೆ ಕಾಣದಂತೆ ದೊಡ್ಡವರಾಗುತ್ತಿರಲು, ಟೇಲರರು ಪರರ ಮಗನ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಸೈನ್ಯದಲ್ಲಿ ಮಗನಿರುವ, ಗೋವೆಗೋ ಬೆಂಗಳೂರಿಗೋ ದುಡಿಯಲು ಗಂಡ ಹೋಗಿರುವ ತಾಯಂದಿರು ಇಲ್ಲಿ ಕುಳಿತಿದ್ದೀರಿ. ಈ ನೋವನ್ನು ನಾವು ನಿಮಗೆ ವಿವರಿಸಬೇಕಾಗಿಲ್ಲ.

1853ರಲ್ಲಿ ಅಧಿಕಾರವನ್ನು ಯುವಕ ರಾಜನಿಗೆ ಒಪ್ಪಿಸಿ ಟೇಲರರು ಸುರಪುರವನ್ನು ಬಿಟ್ಟರು. ಐದು ವರ್ಷ ಕಳೆಯುವಷ್ಟರಲ್ಲಿ ದೇಶವೇ ಹೊತ್ತಿ ಉರಿಯಿತು. ನಮ್ಮ ಬಾಗಲಕೋಟೆ ಸೀಮೆಗೂ ಆ ಬೆಂಕಿ ತಟ್ಟಿದುದು ನಿಮಗೆ ಗೊತ್ತಿದೆ. 1857ರ ಕೊನೆಯಲ್ಲಿ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು; ಊರು ಸುಟ್ಟಿತು, ಹಲವರು ಗಲ್ಲಿಗೇರಿದರು; ನಮ್ಮ ಲಾವಣಿಕಾರರು ಅದನ್ನು ಇಂದಿಗೂ ಹಾಡುತ್ತಾರೆ. 1858ರಲ್ಲಿ ನರಗುಂದದ ಬಾಬಾಸಾಹೇಬರು ಎದ್ದರು. ಅದೇ ವರ್ಷದ ಫೆಬ್ರುವರಿಯಲ್ಲಿ ಸುರಪುರದ ವೆಂಕಟಪ್ಪ ನಾಯಕರೂ ಕಂಪನಿಯ ವಿರುದ್ಧ ಕತ್ತಿ ಹಿರಿದರು. ಹೋರಾಟ ಮುರಿದುಬಿತ್ತು. ರಾಜರು ಹೈದರಾಬಾದಿನಲ್ಲಿ ಸೆರೆಸಿಕ್ಕರು.

ಪ್ರಿಯರೇ, ಈಗ ಆ ಸೇನಾಧಿಕಾರಿಯ ಸ್ಥಿತಿಯನ್ನು ಊಹಿಸಿರಿ. ಅನ್ನ ಕೊಟ್ಟ ಸರ್ಕಾರ ಒಂದು ಕಡೆ. ‘ಅಪ್ಪಾ’ ಎಂದು ಕರೆದವನು ಇನ್ನೊಂದು ಕಡೆ, ಸರಪಳಿಯಲ್ಲಿ. ಟೇಲರರು ಸೆರೆಮನೆಗೆ ಹೋದರು. ಅಲ್ಲಿ ನಡೆದುದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಯುವಕ ಅವರನ್ನು ಅಪ್ಪಿಕೊಂಡು ಅತ್ತ. ಪ್ರಚೋದಿಸಿದವರ ಹೆಸರು ಹೇಳಿದರೆ ಪ್ರಾಣ ಉಳಿಯಬಹುದೆಂಬ ಸೂಚನೆ ಬಂದಾಗ ಆತ ಒಪ್ಪಲಿಲ್ಲ. ತನ್ನನ್ನು ನಂಬಿದವರಿಗೆ ದ್ರೋಹ ಮಾಡಿ ಬದುಕಲಾರೆನೆಂದ. ಕಳ್ಳನಂತೆ ಗಲ್ಲಿಗೇರಿಸಬೇಡಿ, ತೋಪಿನ ಬಾಯಿಗೆ ಕಟ್ಟಿಸಿರಿ, ನಾನು ನಡುಗುವುದಿಲ್ಲ ಎಂದು ಬೇಡಿಕೊಂಡ. ನಾವು ಇದನ್ನು ಮೊದಲು ಓದಿದಾಗ ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆವು. ಸತ್ಯಕ್ಕೆ ತಪ್ಪಬೇಡ, ನಂಬಿದವರ ಕೈ ಬಿಡಬೇಡ ಎಂದು ಹುಡುಗನಿಗೆ ಕಲಿಸಿದ ಗುರುವಿನ ಪಾಠ, ಗುರುವಿನ ಸರ್ಕಾರದ ಎದುರಿಗೇ ಎದ್ದು ನಿಂತಿತ್ತು. ಶಿಷ್ಯನು ಅಲ್ಲಿ ಸೋತನೇ, ಗೆದ್ದನೇ? ಗುರುವಾದವರು ವಿಚಾರಿಸಿಕೊಳ್ಳಬೇಕಾದ ಪ್ರಶ್ನೆ ಇದು.

ಟೇಲರರು ಸುಮ್ಮನಿರಲಿಲ್ಲ. ರಾಜನ ವಯಸ್ಸನ್ನೂ, ದಾರಿ ತಪ್ಪಿಸಿದವರ ಪ್ರಭಾವವನ್ನೂ ಮೇಲಿನವರ ಮುಂದೆ ಇಟ್ಟರು. ಮರಣದಂಡನೆ ಗಡಿಪಾರಾಯಿತು; ಗಡಿಪಾರು ಗವರ್ನರ್ ಜನರಲ್ಲರ ಆಜ್ಞೆಯಿಂದ ನಾಲ್ಕು ವರ್ಷಗಳ ಸೆರೆವಾಸವಾಯಿತು. ಆದರೆ ಸೆರೆಗೆ ಸಾಗಿಸುವ ದಾರಿಯಲ್ಲಿಯೇ, 1858ರಲ್ಲಿ, ವೆಂಕಟಪ್ಪ ನಾಯಕರು ಗುಂಡಿಗೆ ಬಲಿಯಾದರು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾವೇ ಹೊಡೆದುಕೊಂಡರೆಂದು ಟೇಲರರು ಬರೆಯುತ್ತಾರೆ; ಜನರ ನೆನಪಿನಲ್ಲಿ ಬೇರೆ ಮಾತೂ ಇದೆ. ಆಗ ಅವರು ಇಪ್ಪತ್ತರ ಹರೆಯ ಮೀರದ ಯುವಕ. 1860ರಲ್ಲಿ ಸುರಪುರ ನಿಜಾಮರ ಕೈ ಸೇರಿತು. ಹನ್ನೆರಡು ವರ್ಷ ಬೆಳೆಸಿದುದು ಹೀಗೆ ಮುಗಿಯಿತು.

ನಮ್ಮ ನಾಡು ವೆಂಕಟಪ್ಪ ನಾಯಕರನ್ನು ಸ್ವಾತಂತ್ರ್ಯಕ್ಕಾಗಿ ಪ್ರಾಣ ತೆತ್ತ ವೀರರೆಂದು ಪೂಜಿಸುತ್ತದೆ, ಅದು ನ್ಯಾಯವೇ. ಟೇಲರರು ಪರರಾಜ್ಯದ ನೌಕರರಾಗಿದ್ದರು. ಅದನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ರಾಜನನ್ನು ದುಷ್ಟರು ಕೆಡಿಸಿದರೆಂದು ಅವರು ಬರೆದರು. ಸ್ವಾತಂತ್ರ್ಯದ ಹಂಬಲ ಅವನ ಎದೆಯಲ್ಲಿಯೇ ಹುಟ್ಟಿರಬಹುದೆಂದು ಅವರಿಗೆ ತೋರಲಿಲ್ಲ. ಪ್ರೀತಿಯಿಂದ ಸಾಕಿದವರಿಗೂ ಸಾಕಿದ ಮಗುವಿನ ಅಂತರಂಗ ಪೂರ್ಣವಾಗಿ ಕಾಣುವುದಿಲ್ಲ.

ಪವಿತ್ರ ಗ್ರಂಥದಲ್ಲಿ ಅರಸ ದಾವೀದನ ಕಥೆಯನ್ನು ನೀವು ಕೇಳಿದ್ದೀರಿ. ಮಗ ಅಬ್ಷಾಲೋಮನು ದಂಗೆಯೆದ್ದ. ಯುದ್ಧಕ್ಕೆ ಸೈನ್ಯವನ್ನು ಕಳುಹಿಸುವಾಗಲೂ ದಾವೀದನು, ಮಗನ ಮೇಲೆ ದಯೆಯಿರಲಿ ಎಂದು ಸೇನಾಪತಿಗಳಿಗೆ ಹೇಳಿದ. ಜಯದ ಸುದ್ದಿ ಬಂದಿತು. ಮಗನ ಸಾವಿನ ಸುದ್ದಿಯೂ ಬಂದಿತು. ಅರಸ ಮೇಲಿನ ಕೋಣೆಗೆ ಹೋಗಿ ಅತ್ತ. ಅರಸನಾಗಿ ಗೆದ್ದವನು ತಂದೆಯಾಗಿ ಸೋತ. ಆ ಕಣ್ಣೀರನ್ನು ಪವಿತ್ರ ಗ್ರಂಥ ಅಳಿಸಿಹಾಕಲಿಲ್ಲ. ಓದಿ ಕಲಿಯಲೆಂದು ನಮಗಾಗಿ ಉಳಿಸಿತು.

ನಮ್ಮದೂ ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ವಸತಿನಿಲಯವೊಂದರ ಹೊಣೆ ನಮ್ಮ ಮೇಲಿತ್ತು. ತಂದೆತಾಯಿ ಗುಳೆ ಹೋಗಿದ್ದ ಹುಡುಗನೊಬ್ಬ ಹೇಳದೆ ಕೇಳದೆ ಎರಡು ವಾರ ಕಾಣೆಯಾದ. ತಿರುಗಿ ಬಂದಾಗ ನಾವು ನಿಯಮವನ್ನು ತೋರಿಸಿ ಅವನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿದೆವು. ಅವನೂ ಮಾತನಾಡಲಿಲ್ಲ, ಟ್ರಂಕು ಹೊತ್ತು ಹೋದ. ಅಜ್ಜಿ ಹಾಸಿಗೆ ಹಿಡಿದಿದ್ದಳು, ನೀರು ಕೊಡಲು ಬೇರಾರೂ ಇರಲಿಲ್ಲ ಎಂಬುದು ನಮಗೆ ತಿಳಿದದ್ದು ಮುಂದೆ ಬಹು ದಿನಗಳ ಮೇಲೆ. ಹುಡುಕಿಸಿದೆವು, ಸಿಗಲಿಲ್ಲ. ಆ ನಿಯಮ ಸರಿಯಾದದ್ದೇ. ಆದರೆ ಅವನು ನಮ್ಮನ್ನು ‘ಫಾದರ್’ ಎಂದು ಕರೆಯುತ್ತಿದ್ದ. ಆ ಪದದ ಅರ್ಥ ತಂದೆ ಎಂಬುದು ಆ ಬೆಳಿಗ್ಗೆ ನಮಗೆ ನೆನಪಾಗಲಿಲ್ಲ. ಟೇಲರರಾದರೋ ಸೆರೆಮನೆಯ ಬಾಗಿಲವರೆಗೆ ನಡೆದುಹೋದರು. ನಾವು ವಸತಿನಿಲಯದ ಗೇಟಿನವರೆಗೂ ಹೋಗಲಿಲ್ಲ.

ಟೇಲರರ ಕೊನೆಯನ್ನು ಹೇಳಿ ಮುಗಿಸುತ್ತೇವೆ. 1860ರಲ್ಲಿ ದೇಹ ಸೋತು ಅವರು ತಾಯ್ನಾಡಿಗೆ ಮರಳಿದರು. ಹೈದರಾಬಾದಿನ ಮಂತ್ರಿ ಸಾಲಾರ್‌ಜಂಗರು ಕರೆದರೆಂದು 1875ರಲ್ಲಿ, ಇಳಿವಯಸ್ಸಿನಲ್ಲಿ, ಮತ್ತೆ ಭಾರತಕ್ಕೆ ಬಂದರು. ಕಾಯಿಲೆ ಬಿದ್ದು ಕಣ್ಣು ಕಳೆದುಕೊಂಡರು. ಹಿಂದಿರುಗುವ ದಾರಿಯಲ್ಲಿ, 1876ರ ಮೇ ತಿಂಗಳಲ್ಲಿ, ಫ್ರಾನ್ಸಿನ ಮಾಂತೋನ್ ಎಂಬಲ್ಲಿ ತೀರಿಕೊಂಡರು. ಅವರ ಆತ್ಮಕಥೆಯನ್ನು ಮರುವರ್ಷ, 1877ರಲ್ಲಿ, ಸಂಪಾದಿಸಿ ಲೋಕಕ್ಕೆ ಕೊಟ್ಟವರು ಮಗಳು ಆಲಿಸ್. ದೂರದಲ್ಲಿ ಬೆಳೆದ ಮಗಳೇ ತಂದೆಯ ಬಾಳನ್ನು ಕೈಗೆತ್ತಿಕೊಂಡು ಕಾಪಾಡಿದಳು. ಸುರಪುರದ ಹುಡುಗನು ‘ಅಪ್ಪಾ’ ಎಂದದ್ದು ನಮ್ಮ ಕಿವಿಗೆ ಬಿದ್ದಿರುವುದು ಈ ಮಗಳ ಕೈಯಿಂದಲೇ.

ಪ್ರಿಯ ಭಕ್ತಾದಿಗಳೇ, ಯೇಸುಸ್ವಾಮಿಯನ್ನು ಸಾಕಿದ ಸಂತ ಜೋಸೆಫರು ಹೆತ್ತ ತಂದೆಯಲ್ಲ. ಆದರೂ ಧರ್ಮಸಭೆ ಅವರನ್ನು ತಂದೆಯೆಂದೇ ಗೌರವಿಸುತ್ತದೆ. ನಮ್ಮ ಧರ್ಮಕೇಂದ್ರಕ್ಕೆ ನೂರು ವರ್ಷವಾಯಿತು. ಗೋಡೆಗೆ ಬಣ್ಣ ಬಳಿದಿದ್ದೇವೆ, ಗಂಟೆಗೆ ಹೊಸ ಹಗ್ಗ ಕಟ್ಟಿದ್ದೇವೆ. ಆದರೆ ಈ ನಾಲ್ಕು ಊರುಗಳ ಓಣಿಗಳಲ್ಲಿ ತಂದೆತಾಯಿ ಗುಳೆ ಹೋದ ಮಕ್ಕಳು ಅಜ್ಜಿಯರ ಮಡಿಲಲ್ಲಿ ಉಳಿದಿದ್ದಾರೆ. ಅವರ ಪೈಕಿ ನಮ್ಮವರೂ ಇದ್ದಾರೆ, ಅನ್ಯ ಧರ್ಮದವರೂ ಇದ್ದಾರೆ. ಬರುವ ಸೋಮವಾರದಿಂದ ಸಂಜೆ ಆರರಿಂದ ಎಂಟರವರೆಗೆ ದೇವಾಲಯದ ಸಭಾಭವನದಲ್ಲಿ ದೀಪ ಉರಿಯುತ್ತದೆ. ಆ ಮಕ್ಕಳು ಅಲ್ಲಿ ಕುಳಿತು ಓದಲಿ. ಅಕ್ಷರ ಬಲ್ಲವರು ವಾರಕ್ಕೊಂದು ಸಂಜೆ ಬನ್ನಿರಿ. ನಿವೃತ್ತ ಶಿಕ್ಷಕರು, ಸೈನ್ಯದಿಂದ ಮರಳಿದವರು ಮೊದಲು ಬನ್ನಿರಿ. ಅಕ್ಷರ ಬಾರದ ತಾಯಂದಿರು ಒಂದು ಬುಟ್ಟಿ ರೊಟ್ಟಿ ತನ್ನಿರಿ. ಹಾಜರಿ ಪುಸ್ತಕವನ್ನು ನಾವೇ ಇಟ್ಟುಕೊಳ್ಳುತ್ತೇವೆ. ಬಾರದ ಹುಡುಗನ ಹೆಸರನ್ನು ಈ ಬಾರಿ ಹೊಡೆದುಹಾಕುವುದಿಲ್ಲ. ಅವನ ಮನೆಗೆ ಹೋಗಿ ಬರುತ್ತೇವೆ.

ತಂದೆಯರಾಗಿ, ಗುರುಗಳಾಗಿ, ಯೋಧರಾಗಿ ಬಾಳಿ ಅಗಲಿದ ನಮ್ಮೆಲ್ಲ ಹಿರಿಯರಿಗೆ ದೇವರು ನಿತ್ಯವಿಶ್ರಾಂತಿಯನ್ನು ದಯಪಾಲಿಸಲಿ. ಇಲ್ಲಿ ಉಳಿದಿರುವ ನಮಗೆ, ಮಗುವೊಂದು ಕರೆದಾಗ ಎದ್ದು ಹೋಗುವ ಬಲವನ್ನು ಕೊಡಲಿ. ನಿಮಗೆಲ್ಲರಿಗೂ ನಮ್ಮ ಆಶೀರ್ವಾದಗಳು.