ಕಂಪ್ಯೂಟರ್ ಕುಸಿದಾಗ ದೂರು ಯಾರ ಮೇಲೆ?

(ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಮ್ಮ ಮಕ್ಕಳಲ್ಲಿ ಕಂಪ್ಯೂಟರ್ ವಿಜ್ಞಾನ ಓದುವವರು ಈಗ ಸಾಕಷ್ಟಿದ್ದಾರೆ. ಪ್ರೋಗ್ರಾಂ ಬರೆಯುವುದನ್ನು ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ಕೆಟ್ಟುಹೋದದ್ದನ್ನು ಹುಡುಕುವ ವಿದ್ಯೆಯನ್ನು ಹೇಳಿಕೊಡುವುದು ಕಡಿಮೆ. ಆದ್ದರಿಂದ ಇಂದು ನಾನು ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಕುಸಿದಾಗ ಕಾರಣವನ್ನು ಪತ್ತೆ ಹಚ್ಚುವ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಆ ಹುಡುಕಾಟದಲ್ಲಿ ತಪ್ಪು ಮಾಡದವನ ಮೇಲೆ ದೂರು ಹೊರಿಸುವುದು ಎಷ್ಟು ಸುಲಭ ಎಂಬುದನ್ನೂ ಹೇಳಬೇಕಿದೆ.

ಸಾಮಾನ್ಯ ಪ್ರೋಗ್ರಾಂ ತಪ್ಪಿದರೆ ಕರ್ನಲ್ ಅದೊಂದನ್ನು ನಿಲ್ಲಿಸಿ ಉಳಿದವನ್ನು ನಡೆಸಿಕೊಂಡು ಹೋಗುತ್ತದೆ. ಕರ್ನಲ್ಲೇ ತಪ್ಪಿದರೆ ಅದನ್ನು ಹಿಡಿಯಲು ಮೇಲೆ ಯಾರೂ ಇಲ್ಲ. ಲಿನಕ್ಸ್‌ನಲ್ಲಿ ಆಗ 'ಊಪ್ಸ್' ಎಂಬ ವರದಿ ಹೊರಬೀಳುತ್ತದೆ. ಯಾವ ಮೆಮೊರಿ ವಿಳಾಸವನ್ನು ಮುಟ್ಟಲು ಹೋಗಿ ಬಿದ್ದಿತು, ಆಗ ಯಾವ ಫಂಕ್ಷನ್ ನಡೆಯುತ್ತಿತ್ತು, ಅದನ್ನು ಕರೆದದ್ದು ಯಾವುದು, ಆ ಕರೆದದ್ದನ್ನು ಕರೆದದ್ದು ಯಾವುದು ಎಂದು ಒಂದರ ಕೆಳಗೊಂದು ಸಾಲುಗಳು. ಹದೀಸ್ ಗ್ರಂಥ ಓದಿದವರಿಗೆ ಇದು ಹೊಸ ಕ್ರಮವಲ್ಲ. ಸಂಗ್ರಹಕಾರರು ತಮಗೆ ಹೇಳಿದವರಿಂದ ಆರಂಭಿಸಿ, ಅವರಿಗೆ ಹೇಳಿದವರು ಯಾರು ಎಂದು ಹಿಂದಕ್ಕೆ ಹೋಗುತ್ತಾ ಪ್ರವಾದಿ(ಸ)ಯವರವರೆಗೆ ಸನದನ್ನು ಕೊಡುತ್ತಾರೆ. ವಿದ್ವಾಂಸರು ಆ ಸರಪಳಿಯ ಒಂದೊಂದು ಕೊಂಡಿಯನ್ನೂ ಪರೀಕ್ಷಿಸಿದರು. ನಾನು ಹೋಲಿಸುತ್ತಿರುವುದು ಪರಿಶೀಲನೆಯ ಕ್ರಮವನ್ನು ಮಾತ್ರ ಎಂಬುದನ್ನು ದಯವಿಟ್ಟು ಗಮನಿಸಿ.

ಆದರೆ ಕರ್ನಲ್‌ನಲ್ಲಿ ಒಂದು ತೊಡಕಿದೆ. ಸರಪಳಿಯ ಪ್ರತಿಯೊಂದು ಕೊಂಡಿಯೂ ಸರಿಯಾಗಿದ್ದು, ತಪ್ಪು ಮಾಡಿದವನು ಅದರಲ್ಲಿ ಇಲ್ಲದೇ ಇರಬಹುದು. ಬಾಡಿಗೆ ಮನೆಯ ಉದಾಹರಣೆ ತೆಗೆದುಕೊಳ್ಳಿ. ಹಳೆಯ ಬಾಡಿಗೆದಾರ ಮನೆ ಖಾಲಿ ಮಾಡಿದ, ಆದರೆ ಒಂದು ಕೀಲಿಕೈ ಅವನಲ್ಲೇ ಉಳಿಯಿತು. ಹೊಸಬರು ಬಂದ ಮೇಲೂ ಅವನು ತನ್ನ ಮನೆಯೆಂದೇ ತಿಳಿದು ಒಳಗೆ ಬಂದು ಸಾಮಾನು ಎತ್ತಿಟ್ಟು ಹೋಗುತ್ತಾನೆ. ಬೆಳಿಗ್ಗೆ ಒಡೆದ ಪಾತ್ರೆಯೊಂದಿಗೆ ಸಿಕ್ಕಿಬೀಳುವವರು ಹೊಸಬರು. ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ದೋಷ ಹೀಗೆಯೇ ನಡೆಯುತ್ತದೆ.

ಇಂಥ ಸಂದರ್ಭದಲ್ಲಿ ಮೊದಲ ಸಂಶಯ ಸಾಮಾನ್ಯವಾಗಿ ಗ್ರಾಫಿಕ್ಸ್ ಡ್ರೈವರಿನ ಮೇಲೆ. ಸಂಶಯಕ್ಕೆ ಆಧಾರವೂ ಇದೆ. ಗ್ರಾಫಿಕ್ಸ್ ಚಿಪ್ ಪ್ರೊಸೆಸರನ್ನು ಕೇಳದೆ ನೇರವಾಗಿ ಮೆಮೊರಿಗೆ ಬರೆಯಬಲ್ಲದು. ಅದಕ್ಕೆ ತನ್ನದೇ ಪುಟ ಪಟ್ಟಿ ಇರುತ್ತದೆ. ಚಿಪ್ ಬರೆದು ಮುಗಿಸುವ ಮೊದಲೇ ಕರ್ನಲ್ ಆ ಪುಟವನ್ನು ಬೇರೆಯವರಿಗೆ ಕೊಟ್ಟುಬಿಟ್ಟರೆ ಅನಾಹುತ ಖಂಡಿತ. ಜೊತೆಗೆ, ಸುದ್ದಿ ಹೇಳಬೇಕಾದ ಪರದೆಯೂ ಇದರ ಕೈಯಲ್ಲೇ ಇದೆ. 2009ರಲ್ಲಿ 2.6.29 ಆವೃತ್ತಿ ಬರುವವರೆಗೆ ಇಂಟೆಲ್ ಚಿಪ್‌ಗಳಲ್ಲೂ ಪರದೆಯ ಹಿಡಿತ ಇದ್ದದ್ದು ಕರ್ನಲ್ಲಿನ ಹೊರಗಿನ ಎಕ್ಸ್ ಸರ್ವರ್ ಬಳಿ. ಕರ್ನಲ್ ಸತ್ತರೆ ಚಿತ್ರ ನಿಂತಲ್ಲೇ ನಿಲ್ಲುತ್ತಿತ್ತು, ಸಂದೇಶ ಕಾಣುತ್ತಿರಲಿಲ್ಲ. ಡ್ರೈವರ್ ಮೂಲಕವೇ ಕೊನೆಯ ಸಂದೇಶವನ್ನು ತೋರಿಸುವ ವ್ಯವಸ್ಥೆ ಸೇರಿದ್ದು 2024ರ 6.10ರಲ್ಲಿ, ಅದನ್ನು ಕ್ಯೂಆರ್ ಕೋಡ್ ಆಗಿ ತೋರಿಸುವ ಸೌಲಭ್ಯ ಅದೇ ವರ್ಷದ 6.12ರಲ್ಲಿ. ಇಷ್ಟು ತಡವಾಯಿತಲ್ಲ ಎಂದು ನನಗೆ ಈಗಲೂ ಆಶ್ಚರ್ಯ.

ಈಗ ನಿಜವಾಗಿ ನಡೆದ ಘಟನೆಗೆ ಬರುತ್ತೇನೆ. 2008ರ ಸೆಪ್ಟೆಂಬರಿನಲ್ಲಿ 2.6.27 ಕರ್ನಲ್ ಇನ್ನೂ ಪರೀಕ್ಷೆಯಲ್ಲಿತ್ತು. ಅದನ್ನು ಹಾಕಿದ ಕೆಲವರ ಇಂಟೆಲ್ ನೆಟ್‌ವರ್ಕ್ ಕಾರ್ಡುಗಳು ಸತ್ತವು. ಅವು 'ಇ1000ಇ' ಎಂಬ ಡ್ರೈವರ್ ಬಳಸುವ ಕಾರ್ಡುಗಳು. ಮತ್ತೆ ಬೂಟ್ ಮಾಡಿದರೂ, ಹಳೆಯ ಕರ್ನಲ್ ಹಾಕಿದರೂ ಏಳಲಿಲ್ಲ. ಕಾರ್ಡಿನ ಗುರುತಿನ ವಿಳಾಸ ಮುಂತಾದವನ್ನು ಇಟ್ಟಿರುವ ಶಾಶ್ವತ ಸ್ಮೃತಿಯೇ ಕೆಟ್ಟಿತ್ತು. ಸಾಫ್ಟ್‌ವೇರ್ ದೋಷವೊಂದು ಜನರ ಹಾರ್ಡ್‌ವೇರನ್ನೇ ಹಾಳುಮಾಡುತ್ತಿತ್ತು.

ಮೊದಲು ದೂರು ಬಿದ್ದದ್ದು ಇ1000ಇ ಡ್ರೈವರಿನ ಮೇಲೆ, ಸಹಜವಾಗಿ. ಅನಂತರ ಕೆಲಕಾಲ ಎಕ್ಸ್ ಸರ್ವರಿನ ಮೇಲೆ. ಸಾಧನಗಳ ವಿಳಾಸಗಳನ್ನು ನೇರವಾಗಿ ಮುಟ್ಟಬಲ್ಲ ಗ್ರಾಫಿಕ್ಸ್ ವ್ಯವಸ್ಥೆ ಎಲ್ಲೆ ಮೀರಿ ಬರೆದಿರಬಹುದು ಎಂಬ ಊಹೆ. ಪರೀಕ್ಷಿಸುವುದೂ ಸುಲಭವಿರಲಿಲ್ಲ. ಒಂದೊಂದು ಪ್ರಯತ್ನದಲ್ಲೂ ಒಂದು ಕಾರ್ಡ್ ಕಳೆದುಕೊಳ್ಳುವ ಸಂಭವವಿತ್ತು.

ಕೊನೆಗೆ ಸಿಕ್ಕಿಬಿದ್ದದ್ದು ಇವೆರಡೂ ಅಲ್ಲ. ಅದು 'ಎಫ್‌ಟ್ರೇಸ್' ಎಂಬ, ಕರ್ನಲ್ಲಿನ ನಡೆಯನ್ನು ಗಮನಿಸಲೆಂದೇ ಹೊಸದಾಗಿ ಸೇರಿಸಿದ್ದ ಸಾಧನ! ನಡೆದ ಫಂಕ್ಷನ್‌ಗಳ ವಿಳಾಸಗಳನ್ನು ಅದು ಪಟ್ಟಿ ಮಾಡಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ಆ ಜಾಗಕ್ಕೆ ಹೋಗಿ ಸೂಚನೆಯನ್ನು ತಿದ್ದುತ್ತಿತ್ತು. ಡ್ರೈವರ್ ಆರಂಭವಾಗುವಾಗ ಒಮ್ಮೆ ಮಾತ್ರ ಬೇಕಾಗುವ ಕೋಡನ್ನು ಕರ್ನಲ್ ಬಳಿಕ ಬಿಟ್ಟುಕೊಡುತ್ತದೆ. ಅದೇ ವಿಳಾಸ ನೆಟ್‌ವರ್ಕ್ ಕಾರ್ಡಿನ ಸ್ಮೃತಿಗೆ ಹಂಚಿಕೆಯಾಗಿತ್ತು. ಎಫ್‌ಟ್ರೇಸ್ ಹಳೆಯ ಕೀಲಿಕೈ ಹಿಡಿದು ಅಲ್ಲಿಗೆ ಬಂದಿತು. ಅದು ಬೇಜವಾಬ್ದಾರಿಯಿಂದ ಬರೆಯುತ್ತಿರಲಿಲ್ಲ; ತಾನು ನಿರೀಕ್ಷಿಸಿದ ಸೂಚನೆ ಅಲ್ಲಿದೆಯೇ ಎಂದು ಹೋಲಿಸಿ, ಇದ್ದರೆ ಮಾತ್ರ ಬದಲಿಸುವ ಆಜ್ಞೆಯನ್ನು ಬಳಸುತ್ತಿತ್ತು. ಆದರೆ ಎಕ್ಸ್86 ಪ್ರೊಸೆಸರಿನಲ್ಲಿ ಆ ಆಜ್ಞೆ ಹೋಲಿಕೆ ವಿಫಲವಾದರೂ ಓದಿದ ಬೆಲೆಯನ್ನೇ ಮತ್ತೆ ಬರೆಯುತ್ತದೆ. ಸಾಮಾನ್ಯ ಮೆಮೊರಿಯಲ್ಲಿ ಇದರಿಂದ ನಷ್ಟವಿಲ್ಲ. ಸಾಧನದ ವಿಳಾಸದಲ್ಲಿ ಪ್ರತಿಯೊಂದು ಬರವಣಿಗೆಯೂ ಸಾಧನಕ್ಕೆ ಕೊಟ್ಟ ಅಪ್ಪಣೆ. ಕಾವಲಿಗೆಂದು ಇಟ್ಟವನೇ, ಎಚ್ಚರಿಕೆ ವಹಿಸಿಯೂ, ಮನೆ ಕೆಡಿಸಿದ ಹಾಗಾಯಿತು.

2008ರ ಅಕ್ಟೋಬರ್ 9ರಂದು 2.6.27 ಬಿಡುಗಡೆಯಾಯಿತು. ಕೆಲವೇ ದಿನಗಳಲ್ಲಿ ಬಂದ 2.6.27.1ರಲ್ಲಿ ಆ ಸೌಲಭ್ಯವನ್ನು ಮುಚ್ಚಲಾಯಿತು. ಎಫ್‌ಟ್ರೇಸ್‌ನ ಕರ್ತೃ ಸ್ಟೀವನ್ ರೋಸ್ಟೆಡ್ಟ್ ಅದನ್ನು ಕೈಬಿಡಲಿಲ್ಲ. ವಿಳಾಸಗಳ ಪಟ್ಟಿ ಕಂಪೈಲ್ ಮಾಡುವಾಗಲೇ ಸಿದ್ಧವಾಗುವಂತೆ ಮುಂದಿನ ಆವೃತ್ತಿಗೆ ರಚನೆಯನ್ನೇ ಬದಲಿಸಲಾಯಿತು. ಎಕ್ಸ್ ಸರ್ವರನ್ನೇ ದೂರಿ, ಅದಕ್ಕೊಂದು ತೇಪೆ ಹಾಕಿ ಸುಮ್ಮನಾಗಿದ್ದರೆ ಕಾರ್ಡುಗಳು ಸಾಯುತ್ತಲೇ ಇರುತ್ತಿದ್ದವು.

ಹಾಗಾದರೆ ವಿದ್ಯಾರ್ಥಿಯೊಬ್ಬ ಏನು ಮಾಡಬಹುದು? ಪರದೆ ನಿಂತಾಗ ಗಡಿಬಿಡಿಯಿಂದ ಬಟನ್ ಒತ್ತಬೇಡಿ. ಕಂಡ ಸಾಲುಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಪರದೆಯಲ್ಲಿ ಏನೂ ಕಾಣದಿದ್ದರೆ, ಕರ್ನಲ್ಲಿನ ಸಂದೇಶಗಳನ್ನು ಪಕ್ಕದ ಇನ್ನೊಂದು ಯಂತ್ರಕ್ಕೆ ಕಳುಹಿಸುವ 'ನೆಟ್‌ಕನ್ಸೋಲ್' ಹಾಕಿಟ್ಟು ಮತ್ತೊಮ್ಮೆ ಕಾಯಿರಿ. ಒಂದು ರಾತ್ರಿಯಿಡೀ ಮೆಮೊರಿ ಪರೀಕ್ಷೆ ನಡೆಸಿ. ರ್‍ಯಾಮ್ ಕೆಟ್ಟಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಹಿಂದಿನ ಆವೃತ್ತಿ ಸರಿಯಿದ್ದು ಹೊಸದು ಕೆಟ್ಟಿದ್ದರೆ ನಡುವಿನ ಬದಲಾವಣೆಗಳನ್ನು ಅರ್ಧರ್ಧ ಭಾಗಿಸುತ್ತಾ ಹೋಗಿ. ಹತ್ತು ಸಾವಿರ ಬದಲಾವಣೆಗಳಿದ್ದರೂ ಸುಮಾರು 14 ಪರೀಕ್ಷೆಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. 2015ರಲ್ಲಿ 4.0 ಕರ್ನಲ್ ಜೊತೆ ಬಂದ 'ಕಾಸಾನ್' ಎಂಬ ಪರೀಕ್ಷಕ ಇನ್ನೂ ಉಪಕಾರಿ. ಬಿಟ್ಟುಕೊಟ್ಟ ಮೆಮೊರಿಯನ್ನು ಮುಟ್ಟಿದ ಕ್ಷಣವೇ ಅದು ಹಿಡಿದು, ಪಡೆದವರು ಯಾರು, ಬಿಟ್ಟವರು ಯಾರು, ಈಗ ಮುಟ್ಟಿದವರು ಯಾರು ಎಂದು ಮೂರು ಸರಪಳಿಗಳನ್ನೂ ಮುಂದಿಡುತ್ತದೆ. ಯಂತ್ರ ನಿಧಾನವಾಗುತ್ತದೆ ನಿಜ, ಪರೀಕ್ಷೆಯ ಹೊತ್ತಿಗೆ ಸಹಿಸಿಕೊಳ್ಳಬೇಕು.

ಇದಕ್ಕೆಲ್ಲ ಹಣ ಕೊಡಬೇಕಾಗಿಲ್ಲ. ಕರ್ನಲ್ಲಿನ ಮೂಲ ಕೋಡ್ ಯಾರು ಬೇಕಾದರೂ ಓದಬಹುದು. ಹಳೆಯ ಯಂತ್ರವೊಂದು ಮನೆಯಲ್ಲಿ ಮೂಲೆ ಸೇರಿದ್ದರೆ ಅದರಲ್ಲೇ ಆರಂಭಿಸಿ. ಮನೆಯವರ ಫೋಟೋ, ಕಾಗದಪತ್ರ ಇರುವ ಯಂತ್ರದಲ್ಲಿ ಮಾತ್ರ ಬೇಡ.