ಬರಡಾದ ನೆಲ ಮತ್ತು ನಮ್ಮ ಹೊಣೆ

(ಭಾಷಣದ ಬರಹ ರೂಪ)



ಮಳೆ ಕೈಕೊಟ್ಟಾಗ ನಾವು ಈದ್ಗಾಹ್ ಮೈದಾನದಲ್ಲಿ ಸೇರಿ ಮಳೆಗಾಗಿ ನಮಾಝ್ ನಿರ್ವಹಿಸುತ್ತೇವೆ. ಕಣ್ಣೀರಿಟ್ಟು ಪ್ರಾರ್ಥಿಸುತ್ತೇವೆ. ಅದು ಆಗಬೇಕಾದದ್ದೇ. ಆದರೆ ಅಲ್ಲಾಹನು ಸುರಿಸುವ ಮಳೆಯನ್ನು ಹಿಡಿದಿಡುವ ನೆಲವನ್ನು ನಾವು ಉಳಿಸಿಕೊಂಡಿದ್ದೇವೆಯೇ? ಈ ಪ್ರಶ್ನೆಯನ್ನು ಮೈದಾನದಿಂದ ಮರಳುವಾಗ ನಾವು ಕೇಳಿಕೊಳ್ಳುವುದಿಲ್ಲ.

ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡ ಓರ್ವ ರೈತನಿದ್ದರು. ಅವರು ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊ ದೇಶದ ಯಾಕೂಬಾ ಸವಾಡೊಗೊ. ಬಾಲ್ಯದಲ್ಲಿ ಅವರು ಕಲಿತದ್ದು ಕುರ್‌ಆನ್ ಪಾಠಶಾಲೆಯಲ್ಲಿ. 1980ರ ದಶಕದ ಆರಂಭದಲ್ಲಿ ಭೀಕರ ಬರ ಬಂದು ಜನರು ಊರು ತೊರೆಯುತ್ತಿದ್ದಾಗ ಅವರು ಪೇಟೆಯ ವ್ಯಾಪಾರ ಬಿಟ್ಟು ಹೊಲಕ್ಕೆ ಮರಳಿದರು. ಅಲ್ಲಿನ ನೆಲ ಹೆಂಚಿನಂತೆ ಗಟ್ಟಿಯಾಗಿತ್ತು. ಬಿದ್ದ ಅಲ್ಪ ಮಳೆಯೂ ಹರಿದು ಹೋಗುತ್ತಿತ್ತು. ಅವರು ಹಿರಿಯರ ಕಾಲದ 'ಝಾಯ್' ಎಂಬ ಗುಣಿ ಪದ್ಧತಿಯನ್ನು ಸುಧಾರಿಸಿದರು. ಬೇಸಗೆಯಲ್ಲೇ ಗುಣಿ ತೋಡಿ ಗೊಬ್ಬರ ತುಂಬಿದರು. ಗೊಬ್ಬರಕ್ಕೆ ಬಂದ ಗೆದ್ದಲುಗಳು ಮಣ್ಣನ್ನು ಕೊರೆದು ಸಡಿಲಗೊಳಿಸಿದವು. ಮಳೆ ಬಂದಾಗ ನೀರು ಆ ರಂಧ್ರಗಳಲ್ಲಿ ಇಂಗಿತು. ಅಡ್ಡಲಾಗಿ ಇಟ್ಟ ಕಲ್ಲಿನ ಸಾಲುಗಳು ಹರಿಯುವ ನೀರಿನ ವೇಗವನ್ನು ತಗ್ಗಿಸಿದವು. ಜೋಳ, ಸಜ್ಜೆ ಬೆಳೆದವು. ಜೊತೆಗೆ ಗೊಬ್ಬರದಲ್ಲಿದ್ದ ಬೀಜಗಳಿಂದ ಮರದ ಸಸಿಗಳೂ ಮೊಳೆತವು. ಅವುಗಳನ್ನು ಕಳೆಯೆಂದು ಕೀಳದೆ ಅವರು ಕಾಪಾಡಿದರು. ಆ ಬರಡು ನೆಲದಲ್ಲಿ ಅರುವತ್ತಕ್ಕೂ ಹೆಚ್ಚು ಜಾತಿಯ ಮರಗಿಡಗಳ ಕಾಡು ಬೆಳೆಯಿತು.

ಜನರು ಅವರನ್ನು ಹುಚ್ಚನೆಂದರು. ಅವರ ಮರಗಳಿಗೆ ಬೆಂಕಿಯಿಟ್ಟವರೂ ಇದ್ದರು. ಅವರು ಪುನಃ ಬೆಳೆಸಿದರು ಮತ್ತು ಕೇಳಿ ಬಂದವರಿಗೆಲ್ಲ ಈ ವಿದ್ಯೆಯನ್ನು ಕಲಿಸಿದರು. ಮುಂದೆ ಪಟ್ಟಣ ವಿಸ್ತರಿಸಿದಾಗ ಅದೇ ಕಾಡಿನ ಜಾಗ ನಿವೇಶನಗಳ ಯೋಜನೆಗೆ ಸಿಲುಕಿತು. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಅವರಿಗೆ ಲಭಿಸಿತು. 2023ರ ಡಿಸೆಂಬರ್‌ನಲ್ಲಿ ಅವರು ನಿಧನರಾದರು.

ನೆರೆಯ ನೈಜರ್ ದೇಶದ ರೈತರು ಇದಕ್ಕಿಂತಲೂ ಸರಳವಾದ ದಾರಿ ಹಿಡಿದರು. ಕಡಿದ ಮರಗಳ ಜೀವಂತ ಬುಡಗಳಿಂದ ಚಿಗುರಿದ್ದನ್ನು ಸವರಿ, ಕಾದು ಬೆಳೆಸಿದರು. ಹೀಗೆ ಸುಮಾರು 50 ಲಕ್ಷ ಹೆಕ್ಟೇರ್ ಪ್ರದೇಶದಲ್ಲಿ ಮರಗಳು ಮರಳಿ ಬಂದವು. ನೆಡುವುದಕ್ಕಿಂತ ಕಾಪಾಡುವುದು ದೊಡ್ಡ ಕೆಲಸ ಎಂಬುದೇ ಇದರ ಪಾಠ.

ನಮ್ಮಲ್ಲೇನಾಗಿದೆ? 1950ರಿಂದ ವನಮಹೋತ್ಸವ ನಡೆಯುತ್ತಿದೆ. ಮಂತ್ರಿಗಳು ನೆಡುತ್ತಾರೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಮರುವರ್ಷ ಆ ಗಿಡ ಎಲ್ಲಿದೆಯೆಂದು ಯಾರೂ ನೋಡುವುದಿಲ್ಲ. ಅರಣ್ಯೀಕರಣದ ಹೆಸರಲ್ಲಿ ದಶಕಗಳ ಕಾಲ ನೀಲಗಿರಿ ಬೆಳೆಸಿದ ಕರ್ನಾಟಕ ಸರಕಾರ, 2017ರಲ್ಲಿ ಅದನ್ನು ಹೊಸದಾಗಿ ಬೆಳೆಸುವುದನ್ನು ತಾನೇ ನಿಷೇಧಿಸಬೇಕಾಯಿತು. ಮರಗಳ ಸಾಲೆಲ್ಲ ಕಾಡಲ್ಲ.

ಆದರೆ ಸರಕಾರವನ್ನು ದೂರಿ ನಾವು ಪಾರಾಗಲಾರೆವು. ನೆಟ್ಟ ಗಿಡದಿಂದ ಹಕ್ಕಿ ತಿಂದರೂ ಅದು ನೆಟ್ಟವನ ಪಾಲಿಗೆ ದಾನವೆಂದು ಪ್ರವಾದಿವರ್ಯರು(ಸ) ಕಲಿಸಿದರು. ಲೋಕಾಂತ್ಯ ಎದುರಾದಾಗಲೂ ಕೈಯಲ್ಲಿ ಸಸಿಯಿದ್ದರೆ ನೆಡಬೇಕೆಂದರು. ಈ ಮಾತುಗಳನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಮಸೀದಿಯ ಅಂಗಳಕ್ಕೆ ಕಾಂಕ್ರೀಟು ಹಾಕಿಸುತ್ತೇವೆ, ವುಝೂವಿನ ನೀರನ್ನು ಚರಂಡಿಗೆ ಬಿಡುತ್ತೇವೆ, ಎಲೆ ಉದುರುತ್ತದೆಂದು ಕಬರಸ್ತಾನದ ಹಳೆಯ ಮರವನ್ನು ಕಡಿಸುತ್ತೇವೆ. ಹಾಗಾದರೆ ನಮ್ಮ ಹೆಮ್ಮೆಗೆ ಏನರ್ಥ?

ಆದ್ದರಿಂದ ದೊಡ್ಡ ಯೋಜನೆಗಳನ್ನು ಕಾಯದೆ, ಕೈಗೆಟಕುವಲ್ಲಿಂದ ಆರಂಭಿಸೋಣ. ಪ್ರತಿ ಜಮಾಅತ್ ತನ್ನ ಕಬರಸ್ತಾನದಲ್ಲಿ ಬೇವು, ಹೊಂಗೆ, ನೇರಳೆಯಂತಹ ನಮ್ಮ ನೆಲದ ಮರಗಳನ್ನು ಬೆಳೆಸಲಿ. ವುಝೂವಿನ ನೀರು ಗಿಡದ ಬುಡಕ್ಕೆ ಹರಿಯಲಿ. ಒಂದೊಂದು ಮನೆಯವರು ಒಂದೊಂದು ಸಸಿಯನ್ನು ಮೂರು ಬೇಸಗೆಗಳ ಕಾಲ ನೋಡಿಕೊಳ್ಳಲಿ. ಪಕ್ಕದ ಕೆರೆಯ ಹೂಳೆತ್ತುವಲ್ಲಿ ಇತರ ಧರ್ಮೀಯ ಸಹೋದರರೊಂದಿಗೆ ನಾವೂ ಹಾರೆ ಹಿಡಿಯೋಣ. ಆ ಕೆರೆಯ ನೀರು ಯಾರ ಧರ್ಮವನ್ನೂ ಕೇಳುವುದಿಲ್ಲ.

ಭೂಮಿ ನಮ್ಮ ಸೊತ್ತಲ್ಲ, ನಮಗೊಪ್ಪಿಸಿದ ಅಮಾನತ್ತು. ಅದನ್ನು ಪಡೆದುದಕ್ಕಿಂತ ಹಾಳಾದ ಸ್ಥಿತಿಯಲ್ಲಿ ಮಕ್ಕಳ ಕೈಗಿತ್ತರೆ ನಾಳೆ ಲೆಕ್ಕ ಕೊಡಬೇಕಾದವರು ನಾವೇ. ಆ ಲೆಕ್ಕವನ್ನು ಹಗುರಗೊಳಿಸುವ ಕರ್ಮಗಳನ್ನು ಅಲ್ಲಾಹನು ನಮ್ಮಿಂದ ಮಾಡಿಸಲಿ. ಆಮೀನ್.